ಹಳೆ ಕ್ಲಚ್ ಪ್ಲೇಟ್ ಕೊಡಿ ಅಂದೆ

ಬ್ರೇಕ್ ತುಳಿದಾಗಲೆಲ್ಲ ಮುಂದಿನ ಎಡ ಚಕ್ರದಿಂದ ಕಿರ್ರ್ ಅಂತ ಸದ್ದು ಬರುತ್ತಿತ್ತು. ನಮ್ಮದು 2014ರ ವ್ಯಾಗನ್ ಆರ್, ಪೆಟ್ರೋಲ್ ಗಾಡಿ. ಅಪ್ಪ ತೆಗೆದುಕೊಂಡಿದ್ದು. ಅವರು ಹೋದ ಮೇಲೆ ನಾನೇ ಓಡಿಸುತ್ತಿದ್ದೇನೆ. ಮೂರು ತಿಂಗಳಿಗೊಮ್ಮೆ ಅಮ್ಮನನ್ನು ಶಿವಮೊಗ್ಗದಿಂದ ಮಣಿಪಾಲಕ್ಕೆ ತಪಾಸಣೆಗೆ ಕರೆದುಕೊಂಡು ಹೋಗಬೇಕು. ತೀರ್ಥಹಳ್ಳಿ ದಾಟಿ ಆಗುಂಬೆ ಘಾಟಿ ಇಳಿಯುವ ದಾರಿ. ಮಳೆಗಾಲದಲ್ಲಿ ಆ ತಿರುವುಗಳಲ್ಲಿ ಬ್ರೇಕ್ ಮೇಲೆ ಅನುಮಾನ ಇಟ್ಟುಕೊಂಡು ಇಳಿಯೋದು ಹೇಗೆ? ಅದಕ್ಕೇ 2024ರ ಆಗಸ್ಟ್‌ನ ಒಂದು ಶುಕ್ರವಾರ ಬೆಳಿಗ್ಗೆ ಒಂಬತ್ತೂವರೆಗೆ ಗಾಡಿಯನ್ನು ಗ್ಯಾರೇಜಿಗೆ ಬಿಟ್ಟೆ. ಮಾರನೆಯ ದಿನ ಮಣಿಪಾಲದಲ್ಲಿ ಡಾಕ್ಟರ್ ಅಪಾಯಿಂಟ್‌ಮೆಂಟ್ ಇತ್ತು.

ಗ್ಯಾರೇಜಿನ ಹೆಸರು ಇಲ್ಲಿ ಬರೆಯುವುದಿಲ್ಲ. ಊರಿನಲ್ಲಿ ಅಂಥವು ಇನ್ನೂ ಇವೆ, ನಿಮ್ಮ ಊರಿನಲ್ಲೂ ಇರುತ್ತವೆ.

ನಾನು ಹೇಳಿದ್ದು ಎರಡೇ ಕೆಲಸ. ಮುಂದಿನ ಬ್ರೇಕ್ ಪ್ಯಾಡ್ ಬದಲಿಸಿ, ಆಯಿಲ್ ಮತ್ತು ಆಯಿಲ್ ಫಿಲ್ಟರ್ ಬದಲಿಸಿ. ಕೌಂಟರಿನ ಹುಡುಗ ಜಾಬ್ ಕಾರ್ಡ್ ಮೇಲೆ ಅಷ್ಟನ್ನೇ ಬರೆದುಕೊಂಡ. ಕೆಳಗೆ ‘ಎಸ್ಟಿಮೇಟ್ 4,800’ ಅಂತ ಹಾಕಿದ. ಸಹಿ ಹಾಕಿ, ಗುಲಾಬಿ ಬಣ್ಣದ ಪ್ರತಿ ಇಸ್ಕೊಂಡು ಬಸ್ ಹತ್ತಿದೆ.

ಸಂಜೆ ಆರೂಮುಕ್ಕಾಲಿಗೆ ಫೋನ್ ಬಂತು. ‘ಮೇಡಂ, ಗಾಡಿ ರೆಡಿ.’ ಹೋದರೆ ಬಿಲ್ 23,640 ರೂಪಾಯಿ.

ನಾನು ಹೇಳಿದ ಕೆಲಸಕ್ಕೆ 4,940. ಅದು ಸರಿ, ನೂರಿನ್ನೂರು ಆಚೀಚೆ ಆಗುತ್ತದೆ. ಅದರ ಕೆಳಗೆ ಕ್ಲಚ್ ಸೆಟ್ ಕೂಲಿ ಸೇರಿ 8,900. ಚಕ್ರವನ್ನು ಕೆಳಗಿನಿಂದ ಗಾಡಿಗೆ ಹಿಡಿದಿಡುವ ಲೋವರ್ ಆರ್ಮ್ ಎರಡು, 4,200. ಇಂಜೆಕ್ಟರ್ ಮತ್ತು ಥ್ರಾಟಲ್ ಬಾಡಿ ಕ್ಲೀನಿಂಗ್ 2,600. ಎಸಿ ಕ್ಲೀನಿಂಗ್ ಮತ್ತು ಗ್ಯಾಸ್ 3,000. ಒಟ್ಟು 18,700 ರೂಪಾಯಿಯ ಕೆಲಸ ನಾನು ಕೇಳದೇ ಆಗಿತ್ತು. ಬ್ರೇಕಿನ ಸದ್ದಿಗೂ ಎಸಿ ಗ್ಯಾಸಿಗೂ ಏನು ಸಂಬಂಧ?

ಮಾಲೀಕರು ಒರಟಾಗಿ ಮಾತಾಡಲಿಲ್ಲ, ಅದನ್ನೂ ಹೇಳಬೇಕು. ಕುರ್ಚಿ ಕೊಟ್ಟರು. ‘ನಿಮ್ಮ ಸೇಫ್ಟಿಗೇ ಮಾಡಿದ್ದು ಮೇಡಂ. ಘಾಟಿಯಲ್ಲಿ ಓಡಾಡ್ತೀರಿ. ಕ್ಲಚ್ ಪೂರ್ತಿ ಹೋಗಿತ್ತು’ ಅಂದರು. ಒಂದು ಮಾತು ಕೇಳಬೇಕಿತ್ತಲ್ಲ ಅಂದರೆ, ‘ಫೋನ್ ಮಾಡಿದ್ವಿ, ನೀವು ಎತ್ತಲಿಲ್ಲ’ ಅಂದರು. ನಾನು ಅಲ್ಲೇ ಫೋನ್ ತೆಗೆದು ತೋರಿಸಿದೆ. ಬೆಳಿಗ್ಗೆಯಿಂದ ಆ ನಂಬರಿನಿಂದ ಒಂದು ಮಿಸ್ಡ್ ಕಾಲ್ ಸಹ ಇರಲಿಲ್ಲ. ಆಮೇಲೆ ಜಾಬ್ ಕಾರ್ಡಿನ ಕೆಳಗಿದ್ದ ಸಣ್ಣ ಅಕ್ಷರದ ಇಂಗ್ಲಿಷ್ ಸಾಲನ್ನು ತೋರಿಸಿದರು. ಅಗತ್ಯ ರಿಪೇರಿಗಳನ್ನು ಮಾಡಲು ಒಪ್ಪಿದ್ದೇನೆ, ಎಸ್ಟಿಮೇಟ್ ಅಂದಾಜು ಮಾತ್ರ ಅಂತ ಅದರ ಅರ್ಥ. ಕೆಳಗೆ ನನ್ನ ಸಹಿ ಇತ್ತು. ಆದರೆ ಅಂದಾಜು ಅಂದರೆ 4,800 ಹೋಗಿ 5,200 ಆಗಬಹುದು. 23,640 ಆದರೆ ಅದನ್ನು ಅಂದಾಜು ಅನ್ನುವುದು ಹೇಗೆ?

ಕೀ ಅವರ ಡ್ರಾಯರಿನಲ್ಲಿತ್ತು. ದುಡ್ಡು ಕೊಡದೆ ಗಾಡಿ ಬಿಡುವುದಿಲ್ಲ ಅಂದರು.

ಇಲ್ಲಿ ಕಾನೂನು ಏನು ಹೇಳುತ್ತದೆ ಅಂತ ಆವತ್ತು ನನಗೆ ಗೊತ್ತಿರಲಿಲ್ಲ. ನಾನು ಕಾಲೇಜೊಂದರ ಲೈಬ್ರರಿಯಲ್ಲಿ ಕೆಲಸ ಮಾಡುವವಳು, ಆಮೇಲೆ ಕೂತು ಓದಿದೆ. 1872ರ ಕರಾರು ಕಾಯ್ದೆಯ 170ನೇ ಸೆಕ್ಷನ್ ಪ್ರಕಾರ, ನಾವು ಒಪ್ಪಿಸಿದ ವಸ್ತುವಿನ ಮೇಲೆ ಕೆಲಸ ಮಾಡಿದವರು ಕೂಲಿ ಸಿಗುವ ತನಕ ಅದನ್ನು ಇಟ್ಟುಕೊಳ್ಳಬಹುದು. ಆದರೆ ಆ ಕೆಲಸ, ವಸ್ತುವನ್ನು ಯಾವ ಉದ್ದೇಶಕ್ಕೆ ಒಪ್ಪಿಸಿದ್ದೆವೋ ಅದಕ್ಕೆ ತಕ್ಕಂತೆ ಇರಬೇಕು. ನಾನು ಗಾಡಿ ಒಪ್ಪಿಸಿದ್ದು ಬ್ರೇಕಿಗೆ ಮತ್ತು ಆಯಿಲಿಗೆ. ಆ 4,940ಕ್ಕೆ ಅವರು ಕೀ ಹಿಡಿದುಕೊಳ್ಳಬಹುದಿತ್ತು. ಕ್ಲಚ್ಚಿಗೆ ಹಿಡಿದುಕೊಳ್ಳುವಂತಿರಲಿಲ್ಲ. ನಾನು ಆ ಸೆಕ್ಷನ್ನನ್ನು ಓದಿಕೊಂಡಿದ್ದು ಹೀಗೆ. ಆದರೆ ರಾತ್ರಿ ಏಳೂವರೆಗೆ, ಶಟರ್ ಅರ್ಧ ಎಳೆದ ಗ್ಯಾರೇಜಿನಲ್ಲಿ ನಿಂತು ಇದನ್ನು ವಾದ ಮಾಡಿ ಗೆಲ್ಲೋದು ಕಷ್ಟ. ಬೆಳಿಗ್ಗೆ ಐದಕ್ಕೆ ನಾವು ಹೊರಡಬೇಕಿತ್ತು.

ಚಿಕ್ಕಪ್ಪನಿಗೆ ಫೋನ್ ಮಾಡಿದೆ. ಅವರು ಕೆಎಸ್‌ಆರ್‌ಟಿಸಿ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದು ನಿವೃತ್ತರಾದವರು. ಜಗಳ ಆಡಬೇಡ ಅಂದರು. ಮೂರು ಕೆಲಸ ಹೇಳಿದರು. ದುಡ್ಡು ಕ್ಯಾಶ್ ಕೊಡಬೇಡ, ಫೋನಿನಲ್ಲೇ ಹಾಕು. ಬಿಲ್ಲಿನ ಎರಡೂ ಪ್ರತಿಯ ಮೇಲೆ ನಿನ್ನ ಕೈಯಿಂದ ಬರೆದು ಸಹಿ ಹಾಕು. ಬಿಚ್ಚಿದ ಹಳೆ ಸಾಮಾನು ಎಲ್ಲಾ ಕೇಳಿ ಇಸ್ಕೋ, ಒಂದನ್ನೂ ಬಿಡಬೇಡ.

ನಾನು ಬಿಲ್ಲಿನ ಮೇಲೆ ಹೀಗೆ ಬರೆದೆ: ‘ಬ್ರೇಕ್ ಪ್ಯಾಡ್ ಮತ್ತು ಆಯಿಲ್ ಕೆಲಸ ಬಿಟ್ಟು ಉಳಿದದ್ದನ್ನು ನಾನು ಹೇಳಿಲ್ಲ, ಒಪ್ಪಿಲ್ಲ. ಗಾಡಿ ಬಿಡಿಸಿಕೊಳ್ಳಲು ಬೇರೆ ದಾರಿ ಇಲ್ಲದೆ ಆಕ್ಷೇಪಣೆಯೊಂದಿಗೆ ದುಡ್ಡು ಕೊಟ್ಟಿದ್ದೇನೆ.’ ಕೈ ನಡುಗುತ್ತಿತ್ತು, ಅಕ್ಷರ ಸೊಟ್ಟ ಆಯಿತು. ಮಾಲೀಕರು ಅದನ್ನು ಓದಿ ಏನೂ ಅನ್ನಲಿಲ್ಲ. ದುಡ್ಡು ಬಂದರೆ ಸಾಕಿತ್ತು ಅಂತ ಕಾಣುತ್ತದೆ. ಈ ಎರಡು ಸಾಲು ಮುಂದೆ ತುಂಬಾ ಕೆಲಸಕ್ಕೆ ಬಂತು.

ಹಳೆ ಕ್ಲಚ್ ಪ್ಲೇಟ್ ಕೊಡಿ ಅಂದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಒಬ್ಬ ಒಳಗೆ ಹೋಗಿ ಪ್ಲೇಟ್ ಮತ್ತು ಬ್ರೇಕ್ ಪ್ಯಾಡ್ ತಂದ. ಲೋವರ್ ಆರ್ಮ್ ಎಲ್ಲಿ ಅಂದರೆ, ಸಂಜೆ ಗುಜರಿಯವರು ತೆಗೆದುಕೊಂಡು ಹೋದರು ಅಂದರು.

ಭಾನುವಾರ ಚಿಕ್ಕಪ್ಪ ಮನೆಗೆ ಬಂದರು. ಪೇಪರ್ ಹಾಸಿ ಕ್ಲಚ್ ಪ್ಲೇಟನ್ನು ಜಗಲಿಯ ಮೇಲೆ ಇಟ್ಟೆವು. ನಾನು ಅದನ್ನು ಕೈಯಲ್ಲಿ ಹಿಡಿದಿದ್ದು ಅದೇ ಮೊದಲು. ಊಟದ ತಟ್ಟೆಗಿಂತ ಚಿಕ್ಕದು, ಮಧ್ಯೆ ಹಲ್ಲುಗಳಿರುವ ತೂತು, ಅದರ ಸುತ್ತ ನಾಲ್ಕು ಸ್ಪ್ರಿಂಗ್. ಅಂಚಿನ ಸುತ್ತ ಎರಡೂ ಕಡೆ ಕಂದುಗಪ್ಪು ಬಣ್ಣದ ಲೈನಿಂಗ್. ಆ ಲೈನಿಂಗಿನಲ್ಲಿ ಸಾಲಾಗಿ ಸಣ್ಣ ಗುಳಿಗಳು, ಗುಳಿಯ ತಳದಲ್ಲಿ ಹಿತ್ತಾಳೆ ಬಣ್ಣದ ರಿವೆಟ್. ಚಿಕ್ಕಪ್ಪ ಉಗುರನ್ನು ಗುಳಿಗೆ ಇಳಿಸಿ ತೋರಿಸಿದರು. ‘ನೋಡು, ಉಗುರು ಒಳಗೆ ಹೋಗ್ತಿದೆ. ಕ್ಲಚ್ ಸವೆದರೆ ಈ ಲೈನಿಂಗ್ ರಿವೆಟ್‌ನ ಮಟ್ಟಕ್ಕೆ ಬರಬೇಕು. ಆಗ ರಿವೆಟ್ ಎಂಜಿನ್ನಿನ ಫ್ಲೈವೀಲ್ ಚಕ್ರಕ್ಕೆ ಉಜ್ಜುತ್ತೆ. ಇದರಲ್ಲಿ ಇನ್ನೂ ಒಂದು ಮಿಲಿಮೀಟರಿಗಿಂತ ಜಾಸ್ತಿ ಇದೆ.’ ತಮ್ಮ ಹಳೆಯ ವರ್ನಿಯರ್ ತಂದಿದ್ದರು. ನಾಲ್ಕು ಕಡೆ ಅಳೆದರು. ಆಯಿಲ್ ಸೋರಿ ನೆನೆದಿದ್ದರೂ, ಸುಟ್ಟು ನೀಲಿ ತಿರುಗಿದ್ದರೂ ಬದಲಿಸಬೇಕಾಗುತ್ತಿತ್ತಂತೆ. ಮೂಗಿನ ಹತ್ತಿರ ಹಿಡಿದು ಮೂಸಿದರು. ಸುಟ್ಟ ವಾಸನೆ ಇರಲಿಲ್ಲ. ‘ಇನ್ನೂ ಮೂವತ್ತು ಸಾವಿರ ಕಿಲೋಮೀಟರ್ ಆರಾಮಾಗಿ ಓಡ್ತಿತ್ತು’ ಅಂದರು.

ಬ್ರೇಕ್ ಪ್ಯಾಡ್ ಮಾತ್ರ ನಿಜಕ್ಕೂ ಮುಗಿದಿತ್ತು. ಪ್ಯಾಡಿನ ಅಂಚಿನಲ್ಲಿ ಒಂದು ಸಣ್ಣ ಬಾಗಿದ ತಗಡು ಇರುತ್ತದೆ. ಪ್ಯಾಡ್ ಸವೆದಾಗ ಅದು ಡಿಸ್ಕಿಗೆ ತಾಗಿ ಕಿರುಚುತ್ತದೆ. ನನಗೆ ಕೇಳುತ್ತಿದ್ದ ಸದ್ದು ಅದೇ.

ಕ್ಲಚ್ ಹೋಗಿರಲಿಲ್ಲ ಅನ್ನೋದು ಗೊತ್ತಾಗಿ ಸಿಟ್ಟು ಬಂತು, ನಿಜ. ಆದರೆ ಅದು ಹೋಗಿದ್ದರೂ ನನ್ನ ಮಾತು ಬದಲಾಗುತ್ತಿರಲಿಲ್ಲ. ಪಾನಾ ಹಚ್ಚುವ ಮೊದಲು ನನ್ನನ್ನು ಕೇಳಬೇಕಿತ್ತು. ಗಾಡಿ ನನ್ನದು, ದುಡ್ಡು ನನ್ನದು. ಈ ತಿಂಗಳು ಅಮ್ಮನ ಔಷಧಿಗೆ ಎಷ್ಟು ಇಡಬೇಕು, ಕ್ಲಚ್ಚನ್ನು ಮುಂದಿನ ತಿಂಗಳಿಗೆ ಹಾಕಬಹುದಾ, ಇನ್ನೊಂದು ಕಡೆ ತೋರಿಸಬೇಕಾ, ಇದೆಲ್ಲ ನಾನು ತೀರ್ಮಾನ ಮಾಡುವ ವಿಷಯ. ಕೇಳದೆ ಮಾಡಿದವರು ಆ ತೀರ್ಮಾನವನ್ನೇ ಕಿತ್ತುಕೊಂಡರು. ನನಗೆ ನೋವಾಗಿದ್ದು ಅದಕ್ಕೆ.

2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯನ್ನು ಆ ವಾರ ಪೂರ್ತಿ ಓದಿದೆ. ಅದು 2020ರ ಜುಲೈನಿಂದ ಜಾರಿಯಲ್ಲಿದೆ. ಎರಡನೇ ಸೆಕ್ಷನ್ನಿನ 47ನೇ ಉಪವಿಭಾಗದಲ್ಲಿ ಅನುಚಿತ ವ್ಯಾಪಾರ ಪದ್ಧತಿಗಳ ಪಟ್ಟಿ ಇದೆ. ಒಂದು ವಸ್ತು ಅಥವಾ ಸೇವೆ ನಿಮಗೆ ಬೇಕೇ ಬೇಕು ಅಂತ ಸುಳ್ಳು ಹೇಳುವುದು ಆ ಪಟ್ಟಿಯಲ್ಲಿ ಇದೆ! ಓದಿ ಪೆನ್ಸಿಲಿನಲ್ಲಿ ಗೆರೆ ಎಳೆದೆ. ಹಳೆಯ ಅಥವಾ ರಿಪೇರಿ ಮಾಡಿದ ಸಾಮಾನನ್ನು ಹೊಸದು ಅಂತ ಕೊಡುವುದೂ ಇದೆ. ಬಿಲ್ ಕೊಡದಿರುವುದೂ ಇದೆ. ಗ್ಯಾರೇಜುಗಳನ್ನು ನೋಡಿಯೇ ಬರೆದಿದ್ದಾರೇನೋ ಅನ್ನಿಸಿತು. ಇನ್ನು 11ನೇ ಉಪವಿಭಾಗದಲ್ಲಿ, ಗ್ರಾಹಕರಿಗೆ ತಿಳಿಸಬೇಕಾದ ವಿಷಯವನ್ನು ಬೇಕಂತಲೇ ತಿಳಿಸದೆ ಇರುವುದು ಸೇವಾ ನ್ಯೂನತೆ ಅಂತ ಇದೆ.

ಮೊದಲು 1915ಕ್ಕೆ ಫೋನ್ ಮಾಡಿದೆ. ಅದು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ದೂರು ಬರೆದುಕೊಂಡರು, ನಂಬರ್ ಕೊಟ್ಟರು. ಆದರೆ ಅವರು ಕೇಸು ತೀರ್ಮಾನ ಮಾಡುವವರಲ್ಲ, ದೂರನ್ನು ಎದುರಿನವರಿಗೆ ದಾಟಿಸುವವರು. ದೊಡ್ಡ ಕಂಪನಿ ಆದರೆ ಅದಕ್ಕೂ ಬಗ್ಗಬಹುದು. ನನ್ನ ವಿಷಯದಲ್ಲಿ ಏನೂ ಆಗಲಿಲ್ಲ. ಆಮೇಲೆ ಹದಿನೈದು ದಿನದ ಗಡುವು ಕೊಟ್ಟು ಒಂದು ನೋಟಿಸ್ ಬರೆದು ರಿಜಿಸ್ಟರ್ಡ್ ಪೋಸ್ಟ್ ಮಾಡಿದೆ. (ಈಗ ರಿಜಿಸ್ಟರ್ಡ್ ಪೋಸ್ಟನ್ನು ಸ್ಪೀಡ್ ಪೋಸ್ಟಿಗೇ ಸೇರಿಸಿದ್ದಾರೆ, ಅದರಲ್ಲೇ ಕಳಿಸಬೇಕು.) ಲಾಯರ್ ಇಲ್ಲ, ನಾನೇ ಕನ್ನಡದಲ್ಲಿ ಬರೆದಿದ್ದು. ಒಂದೂವರೆ ಪುಟ. ಉತ್ತರ ಬರಲಿಲ್ಲ, ತಲುಪಿದ್ದಕ್ಕೆ ಸಹಿ ಮಾತ್ರ ಬಂತು.

ನವೆಂಬರಿನಲ್ಲಿ ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟೆ. ತುಂಬಾ ಜನ ಇಲ್ಲಿಗೆ ಬರುವ ಮೊದಲೇ ಕೈಬಿಡುತ್ತಾರೆ. ಕೋರ್ಟು ಅಂದರೆ ವರ್ಷಗಟ್ಟಲೆ ಅಲೆಯಬೇಕು, ಖರ್ಚು ಜಾಸ್ತಿ ಅಂತ. ಆದರೆ ನಾವು ಕೊಟ್ಟ ದುಡ್ಡು ಐದು ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಲಾಯರ್ ಇಲ್ಲದೆ ನಾವೇ ಹಾಜರಾಗಬಹುದು. ಗ್ಯಾರೇಜ್ ಬೇರೆ ಜಿಲ್ಲೆಯಲ್ಲಿದ್ದರೂ ನಾವು ವಾಸ ಮಾಡುವ ಅಥವಾ ಕೆಲಸ ಮಾಡುವ ಜಿಲ್ಲೆಯಲ್ಲೇ ದೂರು ಕೊಡಬಹುದು. ದಾರಿಯಲ್ಲಿ ಗಾಡಿ ಕೆಟ್ಟು ಗೊತ್ತಿಲ್ಲದ ಊರಿನಲ್ಲಿ ರಿಪೇರಿ ಮಾಡಿಸಿದವರಿಗೆ ಇದು ತುಂಬಾ ಮುಖ್ಯ. ತೊಂದರೆ ಆದ ದಿನದಿಂದ ಎರಡು ವರ್ಷ ಸಮಯ ಇರುತ್ತದೆ. 2025ರಿಂದ ಇ-ಜಾಗೃತಿ ಪೋರ್ಟಲ್ ಬಂದಿದೆ, ಮನೆಯಿಂದಲೇ ದೂರು ಹಾಕಬಹುದು.

ನಮ್ಮ ಬೀದಿಯಲ್ಲಿ ಲಗೇಜ್ ಆಟೋ ಓಡಿಸುವ ಅಣ್ಣ ಒಬ್ಬರು ಕೇಳಿದರು, ‘ನಮ್ದು ಬಾಡಿಗೆ ಗಾಡಿ, ನಮಗೆ ಇದೆಲ್ಲ ಬರಲ್ಲ ಅಲ್ವಾ?’ ಬರುತ್ತದೆ. ವ್ಯಾಪಾರಕ್ಕೆ ಅಂತ ಪಡೆದ ಸೇವೆ ಈ ಕಾಯ್ದೆಯೊಳಗೆ ಬರುವುದಿಲ್ಲ, ನಿಜ. ಆದರೆ ಹೊಟ್ಟೆಪಾಡಿಗಾಗಿ ತಾನೇ ದುಡಿಯುವವನನ್ನು ಕಾಯ್ದೆ ಗ್ರಾಹಕ ಅಂತಲೇ ನೋಡುತ್ತದೆ. ಸ್ವಂತ ಆಟೋ, ಸ್ವಂತ ಟ್ಯಾಕ್ಸಿ ತಾವೇ ಓಡಿಸುವವರು ಹಿಂಜರಿಯಬೇಕಾಗಿಲ್ಲ. ಅವರ ಗಾಡಿ ಒಂದು ದಿನ ನಿಂತರೆ ಆ ದಿನದ ಊಟವೇ ನಿಲ್ಲುತ್ತದೆ.

ದೂರಿನ ಜೊತೆ ನಾನು ಇಟ್ಟಿದ್ದು ಗುಲಾಬಿ ಜಾಬ್ ಕಾರ್ಡ್, ನನ್ನ ಕೈಬರಹ ಇರುವ ಬಿಲ್, ದುಡ್ಡು ಹಾಕಿದ ಸ್ಕ್ರೀನ್‌ಶಾಟ್, ಆ ದಿನದ ಕಾಲ್ ಲಾಗ್, ಕ್ಲಚ್ ಪ್ಲೇಟಿನ ಫೋಟೋ, ನೋಟಿಸ್ ಪ್ರತಿ, ಒಂದು ಅಫಿಡವಿಟ್. ಎದುರಿನವರಿಗೆ ನೋಟಿಸ್ ಹೋಯಿತು. ಉತ್ತರ ಕೊಡಲು ಅವರಿಗೆ 30 ದಿನ, ಆಯೋಗ ಒಪ್ಪಿದರೆ ಇನ್ನು 15 ದಿನ. 45 ದಿನ ದಾಟಿದರೆ ಆಯೋಗವೂ ಸಮಯ ಕೊಡುವಂತಿಲ್ಲ, 2020ರಲ್ಲಿ ಸುಪ್ರೀಂ ಕೋರ್ಟಿನ ಐವರ ಪೀಠ ಹಾಗೆ ಹೇಳಿದೆ.

ನೋಟಿಸ್ ತಲುಪಿದ ವಾರದಲ್ಲೇ ಮಾಲೀಕರ ಫೋನ್ ಬಂತು. ‘ಇಷ್ಟಕ್ಕೆಲ್ಲ ಅಲ್ಲಿ ತನಕ ಯಾಕೆ ಹೋದ್ರಿ ಮೇಡಂ?’ ಅಂದರು. ಏನೇ ಮಾತಿದ್ದರೂ ಆಯೋಗದ ಮುಂದೆಯೇ ಆಡೋಣ ಅಂದೆ. ಅಲ್ಲಿ ರಾಜಿ ಆಗುತ್ತೀರಾ ಅಂತ ಇಬ್ಬರನ್ನೂ ಕೇಳಿದರು. ಕ್ಲಚ್, ಇಂಜೆಕ್ಟರ್, ಎಸಿ, ಮೂರೂ ಸೇರಿ 14,500 ರೂಪಾಯಿ ವಾಪಸ್ ಕೊಡಲು ಅವರು ಒಪ್ಪಿದರು. ಅದನ್ನು ಬರೆದು, ಇಬ್ಬರೂ ಸಹಿ ಹಾಕಿ, ಆಯೋಗದ ದಾಖಲೆಗೆ ಸೇರಿಸಿದೆವು. ದುಡ್ಡು ಹತ್ತು ದಿನದಲ್ಲಿ ಬಂತು.

ಲೋವರ್ ಆರ್ಮಿನ 4,200 ಬರಲಿಲ್ಲ. ಆರ್ಮನ್ನು ಚಕ್ರಕ್ಕೆ ಸೇರಿಸುವ ಬಾಲ್ ಜಾಯಿಂಟ್ ಸಡಿಲ ಇತ್ತು, ಹಾಗೇ ಬಿಟ್ಟಿದ್ದರೆ ಚಕ್ರವೇ ಕಳಚುತ್ತಿತ್ತು ಅಂತ ಅವರು ಪಟ್ಟು ಹಿಡಿದರು. ಇದ್ದರೂ ಇರಬಹುದು. ಕ್ಲಚ್ ಪ್ಲೇಟ್ ನನ್ನ ಚೀಲದಲ್ಲಿತ್ತು, ಅದರ ಬಗ್ಗೆ ಅವರು ಬಾಯಿ ಬಿಡಲಿಲ್ಲ. ಆರ್ಮ್ ನನ್ನ ಕೈಯಲ್ಲಿ ಇರಲಿಲ್ಲ. ಕೇಳದೆ ಮಾಡಿದ್ದು ತಪ್ಪೇ ಅಂತ ವಾದ ಮುಂದುವರಿಸಬಹುದಿತ್ತು. ಆದರೆ ಅಮ್ಮನನ್ನು ಬಿಟ್ಟು ಮತ್ತೆ ಮತ್ತೆ ರಜೆ ಹಾಕಲು ನನಗೆ ಆಗುತ್ತಿರಲಿಲ್ಲ. ಅಲ್ಲಿಗೆ ಬಿಟ್ಟೆ. ಅದು ಈಗಲೂ ಮನಸ್ಸಿನಲ್ಲಿ ಉಳಿದಿದೆ.

ಈಗ ಗಾಡಿ ಬಿಡುವಾಗ ಜಾಬ್ ಕಾರ್ಡಿನ ಮೇಲೆ ನನ್ನ ಕೈಯಿಂದಲೇ ಎರಡು ಸಾಲು ಬರೆಯುತ್ತೇನೆ. ‘ಮೇಲೆ ಬರೆದ ಕೆಲಸ ಮಾತ್ರ. ಬೇರೆ ಏನಿದ್ದರೂ ವಾಟ್ಸಾಪಿನಲ್ಲಿ ಫೋಟೋ ಮತ್ತು ರೇಟ್ ಕಳಿಸಿ, ನಾನು ಸರಿ ಅಂದ ಮೇಲೆ ಮಾಡಿ. ಹಳೆ ಸಾಮಾನು ವಾಪಸ್ ಬೇಕು.’ ಅದರ ಫೋಟೋ ತೆಗೆದುಕೊಂಡು ಅಲ್ಲಿಂದಲೇ ಅವರ ನಂಬರಿಗೆ ಕಳಿಸುತ್ತೇನೆ. ಇದಕ್ಕೆ ಮುಖ ಸಿಂಡರಿಸಿದ ಒಂದು ಗ್ಯಾರೇಜಿನಿಂದ ಗಾಡಿಯನ್ನು ಹಾಗೇ ವಾಪಸ್ ತಂದಿದ್ದೇನೆ. ಇನ್ನೊಂದು ಕಡೆ ಇರುವ ಹುಡುಗನಿಗೆ ಇದು ಇಷ್ಟವೇ ಆಯಿತು. ಆಮೇಲೆ ಗಿರಾಕಿಗಳ ಜೊತೆ ಕಿರಿಕಿರಿ ಇರಲ್ಲ ಅಕ್ಕಾ ಅಂದ.

ಇದನ್ನು ಓದುವ ಹೊತ್ತಿಗೆ ನಿಮ್ಮ ಗಾಡಿ ಯಾವುದಾದರೂ ಗ್ಯಾರೇಜಿನಲ್ಲಿದ್ದರೆ, ಒಂದು ಫೋನ್ ಮಾಡಿ, ಬಿಚ್ಚಿದ್ದನ್ನೆಲ್ಲ ಎತ್ತಿಡಲು ಹೇಳಿ. ಸಂಜೆಗೆ ಗುಜರಿಯವರು ಬರುತ್ತಾರೆ.