ಫೋಕಸ್ ತಪ್ಪಿಸಿದರೇನೇ ಕಾಣುವುದು

ಜರ್ಮನಿಯಲ್ಲಿ ಆಖನ್‌ಗೂ ಕಲೋನ್‌ಗೂ ನಡುವೆ ಯೂಲಿಶ್ ಅಂತ ಒಂದು ಚಿಕ್ಕ ಊರಿದೆ. ಊರಾಚೆ ಕಾಡಿನ ಮಧ್ಯೆ ದೊಡ್ಡ ಸಂಶೋಧನಾ ಕೇಂದ್ರ. ಅದರೊಳಗಿನ ಅರ್ನ್ಸ್ಟ್ ರುಸ್ಕಾ ಸೆಂಟರ್‌ನಲ್ಲಿ ನನ್ನ ಕೆಲಸ. 1931ರಲ್ಲಿ ಬರ್ಲಿನ್‌ನಲ್ಲಿ ಮ್ಯಾಕ್ಸ್ ಕ್ನೋಲ್ ಜೊತೆ ಮೊದಲ ಎಲೆಕ್ಟ್ರಾನ್ ಮೈಕ್ರೋಸ್ಕೋಪ್ ಕಟ್ಟಿದವರು ಈ ರುಸ್ಕಾ. ನೊಬೆಲ್ ಬಂದದ್ದು 1986ರಲ್ಲಿ! ಪಿಎಚ್‌ಡಿ ತಡವಾಯ್ತು ಅಂತ ಕೊರಗುವವರು ಇದನ್ನು ನೆನೆಸಿಕೊಳ್ಳಬಹುದು.

ನಾವು ನೋಡುವುದು ಸ್ಕಿರ್ಮಿಯಾನ್ ಅನ್ನೋ ಕಾಂತೀಯ ಸುಳಿಗಳನ್ನು, ಅಂದರೆ ಹರಳಿನ ಅಣುಗಾತ್ರದ ಕಾಂತಗಳು ದಿಕ್ಕು ತಿರುಗಿಸುತ್ತಾ ಸುಳಿಯಂತೆ ಸುತ್ತಿಕೊಂಡ ಜಾಗಗಳನ್ನು. ಕಬ್ಬಿಣ, ಜರ್ಮೇನಿಯಂ ಸೇರಿದ ಹರಳನ್ನು ಸುಮಾರು 100 ನ್ಯಾನೋಮೀಟರ್ ದಪ್ಪಕ್ಕೆ ಕೆತ್ತಿಕೊಳ್ಳುತ್ತೇವೆ. ಒಂದು ಸುಳಿಯ ಅಗಲ ಸುಮಾರು 70 ನ್ಯಾನೋಮೀಟರ್. ತಲೆಗೂದಲಿನ ದಪ್ಪದಲ್ಲಿ ಸಾವಿರದ ಒಂದು ಪಾಲು ಅಂದುಕೊಳ್ಳಿ.

ತಮಾಷೆ ಇರೋದು ಮೈಕ್ರೋಸ್ಕೋಪ್‌ನಲ್ಲೇ. ಇದರಲ್ಲಿ ಬೆಳಕಿನ ಬದಲು ಎಲೆಕ್ಟ್ರಾನ್‌ಗಳು ಸ್ಯಾಂಪಲ್ ದಾಟಿ ಹೋಗಿ ಚಿತ್ರ ಮೂಡಿಸುತ್ತವೆ. ಅದರ ಮುಖ್ಯ ಲೆನ್ಸ್ ಅಂದರೆ ಒಂದು ಎಲೆಕ್ಟ್ರೋಮ್ಯಾಗ್ನೆಟ್, ಬಲ ಹತ್ತಿರ ಹತ್ತಿರ 2 ಟೆಸ್ಲಾ. ಸ್ಯಾಂಪಲ್ ಕೂರುವುದು ಅದರ ಬಾಯಲ್ಲೇ. ಆ ಲೆನ್ಸನ್ನು ಪೂರ್ತಿ ಆನ್ ಮಾಡಿದರೆ ಸುಳಿಗಳೆಲ್ಲ ಅಳಿಸಿಹೋಗುತ್ತವೆ. ಹಾಗಾಗಿ ಕೋಟಿಗಟ್ಟಲೆ ಬೆಲೆಯ ಯಂತ್ರದ ಅತಿ ಒಳ್ಳೆಯ ಲೆನ್ಸನ್ನು ಮೊದಲು ಆಫ್ ಮಾಡಿ, ಕೆಳಗಿರುವ ಸಪ್ಪೆ ಲೆನ್ಸ್‌ನಲ್ಲೇ ಕೆಲಸ ನಡೆಸುತ್ತೇವೆ. ಇದಕ್ಕೆ ಲೊರೆಂಟ್ಸ್ ಮೋಡ್ ಎನ್ನುತ್ತಾರೆ.

ಸ್ಯಾಂಪಲ್ ಒಳಗಿನ ಕಾಂತಕ್ಷೇತ್ರ ಎಲೆಕ್ಟ್ರಾನ್‌ಗಳ ದಾರಿಯನ್ನು ಒಂಚೂರು ಬಾಗಿಸುತ್ತದೆ. ಫೋಕಸ್ ಸರಿಯಾಗಿದ್ದರೆ ಆ ಬಾಗು ಕಾಣುವುದೇ ಇಲ್ಲ. ಬೇಕಂತಲೇ ಫೋಕಸ್ ತಪ್ಪಿಸಬೇಕು. ಆಗ ಎಲೆಕ್ಟ್ರಾನ್‌ಗಳು ಒಂದು ಕಡೆ ಒತ್ತಾಗಿ ಬಿದ್ದು ಬೆಳಕಾಗುತ್ತದೆ, ಇನ್ನೊಂದು ಕಡೆ ತೆಳುವಾಗಿ ಕಪ್ಪಾಗುತ್ತದೆ. ಫೋಕಸನ್ನು ಆಚೆ ಬದಿಗೆ ತಿರುಗಿಸಿದರೆ ಬಿಳಿ ಚುಕ್ಕೆ ಕಪ್ಪು, ಕಪ್ಪು ಚುಕ್ಕೆ ಬಿಳಿ.

ಈ ವಸ್ತುವಿನ ಕಾಂತಗುಣ ಸುಮಾರು 5 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಮಾತ್ರ ಉಳಿಯುತ್ತದೆ. ಬೆಂಗಳೂರಿನ ಡಿಸೆಂಬರ್ ಚಳಿ ಕೂಡ ಇದಕ್ಕೆ ಸೆಕೆಯೇ! ಲಿಕ್ವಿಡ್ ನೈಟ್ರೋಜನ್ ಹಾಕಿ ತಣ್ಣಗಾಗಿಸಿದಾಗ ಪರದೆ ಮೇಲೆ ಮೊದಲು ಬರುವುದು ಬರೀ ಪಟ್ಟೆಗಳು. ಆಮೇಲೆ ಆಫ್ ಮಾಡಿದ್ದ ಅದೇ ಲೆನ್ಸ್‌ಗೆ ಸ್ವಲ್ಪ ಸ್ವಲ್ಪ ಕರೆಂಟ್ ಕೊಡುತ್ತಾ ಹೋಗುತ್ತೇವೆ. ಪಟ್ಟೆಗಳು ಅಲ್ಲಲ್ಲಿ ತುಂಡಾಗಿ ಚುಕ್ಕೆಗಳಾಗುತ್ತವೆ, ಚುಕ್ಕೆಗಳು ಒಂದನ್ನೊಂದು ತಳ್ಳಿಕೊಂಡು ಷಟ್ಕೋನದ ಸಾಲಿಗೆ ಬರುತ್ತವೆ. ಇನ್ನೂ ಜಾಸ್ತಿ ಕೊಟ್ಟರೆ ಎಲ್ಲ ಖಾಲಿ. ಎಷ್ಟು ಸಲ ನೋಡಿದರೂ ನನಗೆ ಬೇಜಾರಾಗಿಲ್ಲ.

2009ರಲ್ಲಿ ಮ್ಯೂನಿಕ್ ಬಳಿ ನ್ಯೂಟ್ರಾನ್ ಪ್ರಯೋಗದಲ್ಲಿ ಈ ಸುಳಿಗಳ ಸುಳಿವು ಸಿಕ್ಕಿತ್ತು. ಮರುವರ್ಷವೇ ಜಪಾನಿನವರು ಇದೇ ಲೊರೆಂಟ್ಸ್ ವಿಧಾನದಲ್ಲಿ ನೇರವಾಗಿ ಫೋಟೋ ತೆಗೆದರು. ಇವನ್ನು ಬಳಸಿ ಕಂಪ್ಯೂಟರ್ ಮೆಮೊರಿ ಮಾಡಬಹುದು ಅಂತ ಅಂದಿನಿಂದ ಹೇಳುತ್ತಲೇ ಇದ್ದಾರೆ. ನನಗೆ ಅಷ್ಟು ಅವಸರದ ನಂಬಿಕೆ ಇಲ್ಲ.

ಒಂದು ತೊಡಕಂತೂ ಇದ್ದೇ ಇದೆ. ಫೋಕಸ್ ತಪ್ಪಿಸಿದ ಚಿತ್ರದಲ್ಲಿ ಸುಳಿಯ ಅಂಚು ನಿಜವಾಗಿ ಎಲ್ಲಿದೆ ಅಂತ ಹೇಳುವುದು ಕಷ್ಟ. ಎಷ್ಟು ತಪ್ಪಿಸುತ್ತೇವೋ ಅದರ ಮೇಲೆ ಚುಕ್ಕೆಯ ಗಾತ್ರವೂ ಬದಲಾಗುತ್ತದೆ. ಅಳತೆ ಬೇಕೆಂದರೆ ಎಲೆಕ್ಟ್ರಾನ್ ಹೋಲೋಗ್ರಫಿಗೆ, ಅಂದರೆ ಎಲೆಕ್ಟ್ರಾನ್ ಅಲೆಗಳನ್ನು ಒಂದರ ಮೇಲೊಂದು ಬೀಳಿಸಿ ಅಳೆಯುವ ವಿಧಾನಕ್ಕೆ ಹೋಗಬೇಕು. ಅದಕ್ಕೆ ಯಂತ್ರ ಒಂಚೂರೂ ಅಲುಗಬಾರದು, ಆದರೆ ನಮ್ಮ ನೈಟ್ರೋಜನ್ ಕುದಿಯುತ್ತಲೇ ಇರುತ್ತದೆ. ಆ ಜಗಳ ಇನ್ನೂ ಮುಗಿದಿಲ್ಲ.