ಓದದೆ ಬಿಟ್ಟ ಹೆಸರುಗಳು

ಜನವರಿಯ ಒಂದು ಭಾನುವಾರ. ನಮ್ಮದು ಸಕಲೇಶಪುರದ ಹತ್ತಿರದ ಚಿಕ್ಕ ಸಭೆ. ಕಾಫಿ ಕೊಯ್ಲಿನ ಸಮಯ, ಅರ್ಧ ಬೆಂಚು ಖಾಲಿ. ಆ ವಾರ ಬೈಬಲಿನ ಹಳೆಯ ಒಡಂಬಡಿಕೆಯ ಪಾಠ ಓದುವ ಸರದಿ ನನ್ನದು. ನೆಹೆಮೀಯ 8ನೇ ಅಧ್ಯಾಯ, 1ರಿಂದ 12ನೇ ವಚನ. ಬುಧವಾರವೇ ಹೇಳಿದ್ದರು. ನಾನು ಆ ಪುಟ ತೆರೆದದ್ದು ಮಾತ್ರ ಭಾನುವಾರ ಬೆಳಿಗ್ಗೆ, ಎಲ್ಲರ ಮುಂದೆ ನಿಂತ ಮೇಲೆ.

4ನೇ ವಚನಕ್ಕೆ ಬಂದಾಗ ನಾಲಿಗೆ ತಡೆಯಿತು. ಜನರಿಗೆ ಧರ್ಮಶಾಸ್ತ್ರ ಓದಿ ಹೇಳಲು ನಿಂತ ಎಜ್ರನ ಬಲಗಡೆ ಮತ್ತಿತ್ಯ, ಶೆಮ, ಅನಾಯ... ಮುಂದೆ ಕಣ್ಣು ಹಾಯಿಸಿದರೆ ಹಷ್ಬದ್ದಾನ. ತಡವರಿಸಿದರೆ ಮಕ್ಕಳು ನಗುತ್ತಾರೆ ಅನ್ನಿಸಿತು. ಸುಮ್ನೆ 5ನೇ ವಚನಕ್ಕೆ ಹಾರಿದೆ. 7ನೇ ವಚನದ ಹೆಸರುಗಳಿಗೂ ಅದೇ ಗತಿ. ಎರಡೂ ವಚನಗಳಲ್ಲಿ ಹದಿಮೂರು ಹದಿಮೂರು, ಒಟ್ಟು 26 ಹೆಸರು. ಯಾರಿಗೂ ಗೊತ್ತಾಗಲಿಲ್ಲ ಅಂದುಕೊಂಡು ಬಂದು ಕೂತೆ.

ಆರಾಧನೆ ಮುಗಿದು ಚಪ್ಪಲಿ ಹಾಕಿಕೊಳ್ಳುವಾಗ ಒಬ್ಬರು ಅಜ್ಜಿ ಪಕ್ಕಕ್ಕೆ ಬಂದರು. ಜೀವನವೆಲ್ಲ ಕಾಫಿ ತೋಟದಲ್ಲಿ ದುಡಿದವರು. ಅಕ್ಷರ ಕಲಿತವರಲ್ಲ.

"ಮಗಾ, ಆ ಹೆಸ್ರೆಲ್ಲ ಬಿಟ್ಬಿಟ್ಯಲ್ಲ?"

ನಾನು ಮಾತಾಡಲಿಲ್ಲ.

"ಬಲಗಡೆ ಆರು ಜನ, ಎಡಗಡೆ ಏಳು ಜನ ನಿಂತಿರ್ತಾರೆ. ಇವತ್ತು ಎಜ್ರ ಒಬ್ನೇ ನಿಂತಿದ್ದ."

"ಹೊತ್ತಾಗುತ್ತೆ ಅಂತ ಬಿಟ್ಟೆ ಅಜ್ಜಿ" ಅಂದೆ. ಅದು ಸುಳ್ಳು. ದೇವರ ಮನೆಯ ಬಾಗಿಲಲ್ಲೇ ನಿಂತು ಹೇಳಿದ ಸುಳ್ಳು.

ಅಜ್ಜಿ ಬೈಯಲಿಲ್ಲ. ಮೆಟ್ಟಿಲ ಮೇಲೆ ಕೂತು ಹೇಳಿದರು: "ತೋಟದಲ್ಲಿ ಬೆಳಿಗ್ಗೆ ರೈಟ್ರು ಹಾಜರಿ ಕೂಗ್ತಿದ್ರು. ಒಂದಿನ ನನ್ನ ಹೆಸ್ರು ಬಿಟ್ಟೋಯ್ತು. ಕತ್ಲಾಗೋವರ್ಗೂ ಹಣ್ಣು ಕುಯ್ದಿದ್ದೆ. ಬಟವಾಡೆ ದಿನ ನೋಡಿದ್ರೆ ಆ ದಿನದ ಕೂಲಿನೇ ಇಲ್ಲ. ದೇವ್ರು ತನ್ನ ಪುಸ್ತಕದಲ್ಲಿ ಅವ್ರ ಹಾಜರಿ ಬರೆಸವ್ನೆ. ಬಿಡಕ್ಕೆ ನಾವ್ಯಾರು ಮಗಾ?"

ಮಧ್ಯಾಹ್ನ ಊಟ ಸೇರಲಿಲ್ಲ. ನಮ್ಮ ಮನೆಯಲ್ಲಿ ಸತ್ಯವೇದ, ಅಂದರೆ ಬೈಬಲ್, ಟಿವಿ ಪಕ್ಕದಲ್ಲಿರುತ್ತದೆ. ಅದರ ಮೇಲೆ ಕರೆಂಟ್ ಬಿಲ್ಲು, ಅದರ ಮೇಲೆ ಮೊಬೈಲ್ ಚಾರ್ಜರ್. ನಾನು ದಿನಾ ವಾಕ್ಯ ಓದುವುದು ಫೋನಿನಲ್ಲಿ, ಬಸ್ಸಿಗೆ ಕಾಯುವಾಗ, ಎರಡು ಮೆಸೇಜುಗಳ ನಡುವೆ. ಫೋನಿನಲ್ಲಿ ಓದುವುದು ತಪ್ಪಲ್ಲ. ಆದರೆ ನಾನು ಓದುತ್ತಿದ್ದ ರೀತಿಯಲ್ಲಿ ಕೇಳಿಸಿಕೊಳ್ಳುವುದು ಅನ್ನೋದೇ ಇರಲಿಲ್ಲ. ಬಿಲ್ಲು, ಚಾರ್ಜರ್ ಎತ್ತಿಟ್ಟು ಅದೇ ಅಧ್ಯಾಯ ತೆಗೆದೆ. ಎಜ್ರ ಪುಸ್ತಕ ಬಿಚ್ಚಿದ ಕೂಡಲೇ ಜನರೆಲ್ಲ ಎದ್ದು ನಿಂತರಂತೆ. ಬೆಳಗಿನಿಂದ ಮಧ್ಯಾಹ್ನದವರೆಗೆ ಕಿವಿಗೊಟ್ಟರಂತೆ. ಕೇಳುತ್ತಾ ಅತ್ತರಂತೆ. ಆ ದಿನದ ಕಥೆಯನ್ನು ನಾನು ಎರಡೇ ನಿಮಿಷದಲ್ಲಿ ಓದಿ ಮುಗಿಸಿದ್ದೆ.

ಇನ್ನೊಂದು ವಿಷಯವೂ ನೆನಪಾಯಿತು. ಇಡೀ ಸತ್ಯವೇದ ಮೊದಲು ಕನ್ನಡಕ್ಕೆ ಬಂದದ್ದು 1831ರಲ್ಲಿ, ಬಳ್ಳಾರಿಯಲ್ಲಿ. ಮಿಷನರಿ ಜಾನ್ ಹ್ಯಾಂಡ್ಸ್ ಮತ್ತು ಜೊತೆಯವರು ಅದಕ್ಕಾಗಿ ವರ್ಷಗಟ್ಟಲೆ ಕೂತಿದ್ದರು. ಈ ಒಂದೊಂದು ಹೆಸರನ್ನೂ ನಮ್ಮ ಅಕ್ಷರಕ್ಕೆ ತರಲು ಯಾರೋ ಯೋಚಿಸಿದ್ದಾರೆ ಅಲ್ವಾ? ನನಗೆ ಬರೀ ಓದುವ ಕೆಲಸವಿತ್ತು.

ಸಂಜೆಯವರೆಗೆ ಹೆಸರುಗಳನ್ನು ಗಟ್ಟಿಯಾಗಿ ಓದಿ ಓದಿ ಬಾಯಿಗೆ ಕೂರಿಸಿಕೊಂಡೆ. ಆಮೇಲೆ ಪುಸ್ತಕ ಹಿಡಿದು ಅಜ್ಜಿಯ ಲೈನ್ ಮನೆಗೆ ಹೋದೆ. ಅವರು ಒಲೆ ಮುಂದೆ ಇದ್ದರು.

"ಅಜ್ಜಿ, ಬೆಳಿಗ್ಗೆ ಹೊತ್ತಿನ ಮಾತು ಸುಳ್ಳು. ಹೇಳೋಕೆ ಬರಲ್ಲ ಅಂತ ಬಿಟ್ಟಿದ್ದೆ. ಈಗ ಓದ್ಲಾ?"

ಅಜ್ಜಿ ಚೊಂಬಿನ ನೀರಲ್ಲಿ ಕೈಯ ಬೂದಿ ತೊಳೆದರು. ಸೆರಗು ತಲೆಗೆ ಹೊದ್ದರು. ಗೋಡೆ ಹಿಡಿದು ನಿಧಾನವಾಗಿ ಎದ್ದು ನಿಂತರು.

"ಮಂಡಿ ನೋವು ಇದೆಯಲ್ಲ, ಕೂತ್ಕೊಳಿ ಅಜ್ಜಿ."

"ಅವ್ರೆಲ್ಲ ನಿಂತಿಲ್ವಾ? ಓದು."

ಓದಿದೆ. ಅಜ್ಜಿ ಒಂದೊಂದು ಹೆಸರಿಗೂ ಒಂದೊಂದು ಬೆರಳು ಮಡಿಸುತ್ತಾ ಹೋದರು. ಹಷ್ಬದ್ದಾನನ ಹತ್ತಿರ ಮತ್ತೆ ತಡವರಿಸಿದೆ. ಅವರು ಬೆರಳು ಹಾಗೇ ಹಿಡಿದು, ನಾನು ಸರಿಯಾಗಿ ಹೇಳುವವರೆಗೂ ಕಾದರು.