ಪುಟ್ಟ ಮಕ್ಕಳ ಜೊತೆ ಕೆಲಸ: ಮೊದಲು ಜಾಗ ನೋಡಿ, ಆಮೇಲೆ ಕೋರ್ಸು

ಪಿಯುಸಿ ಮುಗಿಸಿ ಮನೆಯಲ್ಲಿರುವ ಹೆಣ್ಣುಮಕ್ಕಳು ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಬೇಕಾದಷ್ಟು ಜನ ಇದ್ದಾರೆ. ಚಿಕ್ಕ ಮಕ್ಕಳ ಜೊತೆ ಕೆಲಸ ಮಾಡುವ ಆಸೆ ಇದ್ದವರು ಮೊದಲು ಕೇಳುವುದೇ "ಯಾವ ಕೋರ್ಸ್ ಮಾಡಲಿ?" ಅಂತ. ಅದು ಎರಡನೇ ಪ್ರಶ್ನೆ. ಎಲ್ಲಿ, ಯಾವ ವಯಸ್ಸಿನ ಮಕ್ಕಳ ಜೊತೆ ಅನ್ನುವುದು ಮೊದಲು ತೀರ್ಮಾನವಾಗಬೇಕು. ಅಂಗನವಾಡಿ ಕೇಳುವ ಕಾಗದವೇ ಬೇರೆ, ನರ್ಸರಿ ಕೇಳುವುದೇ ಬೇರೆ. ಇದು ಗೊತ್ತಿಲ್ಲದೆ ಫೀಸು ಕಟ್ಟಿದವರು ಕೊನೆಗೆ ಸರ್ಟಿಫಿಕೇಟ್ ಹಿಡಿದುಕೊಂಡು ಅಲೆಯಬೇಕಾಗುತ್ತದೆ.

ಹಳ್ಳಿಯಲ್ಲಿ ಇರುವವರಿಗೆ ಹತ್ತಿರದ ಬಾಗಿಲು ಅಂಗನವಾಡಿ. ಕಾರ್ಯಕರ್ತೆಗೆ ಪಿಯುಸಿ, ಸಹಾಯಕಿಗೆ ಎಸ್ಸೆಸ್ಸೆಲ್ಸಿ. ಅರ್ಜಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಗೆ ಆನ್‌ಲೈನ್‌ನಲ್ಲಿ. ಅಧಿಸೂಚನೆ ಬರುವುದು ಶಿಶು ಅಭಿವೃದ್ಧಿ ಯೋಜನೆವಾರು (ಹೆಚ್ಚು ಕಡಿಮೆ ತಾಲ್ಲೂಕುವಾರು), ಖಾಲಿ ಇರುವ ಕೇಂದ್ರಗಳ ಹೆಸರಿನೊಂದಿಗೆ. ಆಯ್ಕೆಯಲ್ಲಿ ನಿಮ್ಮ ಅಂಕಗಳೇ ಮುಖ್ಯ. ಆದರೆ ಅಂಕ ಕಡಿಮೆ ಇದ್ದು ಹೋಗುವ ಅರ್ಜಿಗಳಷ್ಟೇ ಕಾಗದ ಸರಿಯಿಲ್ಲದೆ ಹೋಗುವ ಅರ್ಜಿಗಳ ಬಗ್ಗೆಯೂ ಯೋಚಿಸಬೇಕು. ಅಭ್ಯರ್ಥಿ ಆ ಊರಿನವಳೇ ಆಗಿರಬೇಕು, ಅದಕ್ಕೆ ನಾಡಕಚೇರಿಯ ವಾಸಸ್ಥಳ ದೃಢೀಕರಣ ಬೇಕು. ಮದುವೆಯಾಗಿ ಬಂದವರ ತೊಡಕು ಇಲ್ಲೇ: ಮಾರ್ಕ್ಸ್ ಕಾರ್ಡಿನಲ್ಲಿ ಅಪ್ಪನ ಇನಿಷಿಯಲ್, ಆಧಾರಿನಲ್ಲಿ ಗಂಡನ ಹೆಸರು, ರೇಷನ್ ಕಾರ್ಡಿನಲ್ಲಿ ಇನ್ನೂ ತವರಿನ ವಿಳಾಸ. ಅಧಿಸೂಚನೆ ಬಂದ ಮೇಲೆ ಇದನ್ನೆಲ್ಲ ಸರಿಮಾಡಲು ಹೊರಟರೆ ಕೊನೆಯ ದಿನಾಂಕ ದಾಟಿರುತ್ತದೆ. ವಾಸ ಎಲ್ಲಿಯೋ ಆ ವಿಳಾಸಕ್ಕೆ ಆಧಾರ್ ಮತ್ತು ರೇಷನ್ ಕಾರ್ಡ್ ಎರಡನ್ನೂ ಈಗಲೇ ಬದಲಿಸಿಡಿ. ಮೀಸಲಾತಿ ಕೇಳುವವರು ಜಾತಿ ಪ್ರಮಾಣಪತ್ರದ ಅವಧಿ ನೋಡಿಕೊಳ್ಳಿ. ತಾತ್ಕಾಲಿಕ ಆಯ್ಕೆ ಪಟ್ಟಿ ಬಂದಾಗ ಅದರಲ್ಲಿ ತಪ್ಪು ಕಂಡರೆ ಆಕ್ಷೇಪಣೆಯ ಅವಧಿಯೊಳಗೇ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಪಟ್ಟಣದ ಖಾಸಗಿ ನರ್ಸರಿಗೆ ಹೋಗುವವರಿಗೆ ಡಿಪ್ಲೊಮಾ ಇದ್ದರೆ ಅನುಕೂಲ. ಎನ್‌ಸಿಟಿಇ (ಶಿಕ್ಷಕರ ತರಬೇತಿಯ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪೂರ್ವ ಪ್ರಾಥಮಿಕ ಶಿಕ್ಷಣ ಡಿಪ್ಲೊಮಾ ಎರಡು ವರ್ಷದ್ದು, ಪಿಯುಸಿಯಲ್ಲಿ ಶೇ. 50 ಅಂಕ ಬೇಕು, ಮೀಸಲು ವರ್ಗಗಳಿಗೆ ಸಡಿಲಿಕೆ ಇದೆ. ಮನೆ, ತೋಟ ಬಿಟ್ಟು ದಿನಾ ಕಾಲೇಜಿಗೆ ಹೋಗಲಾಗದವರಿಗೆ ಇಗ್ನೋ ಮುಕ್ತ ವಿಶ್ವವಿದ್ಯಾಲಯದ ಡಿಇಸಿಇ, ಅಂದರೆ ಪುಟ್ಟ ಮಕ್ಕಳ ಪಾಲನೆ ಮತ್ತು ಶಿಕ್ಷಣದ ಡಿಪ್ಲೊಮಾ, ಹೊಂದುತ್ತದೆ. ಪಿಯುಸಿ ಆಗಿದ್ದರೆ ಸಾಕು, ಕನಿಷ್ಠ ಒಂದು ವರ್ಷ, 32 ಕ್ರೆಡಿಟ್ (ಓದಿನ ಪ್ರಮಾಣದ ಲೆಕ್ಕ). ಅದರಲ್ಲಿ 8 ಕ್ರೆಡಿಟ್ ಮಕ್ಕಳ ಜೊತೆ ಮಾಡುವ ಪ್ರಾಜೆಕ್ಟಿನದು. ಓದುವ ಪುಸ್ತಕ ಯಾವ ಭಾಷೆಯಲ್ಲಿ ಬರುತ್ತದೆ, ಅಧ್ಯಯನ ಕೇಂದ್ರ ಎಷ್ಟು ದೂರ ಅನ್ನುವುದನ್ನು ಸೇರುವ ಮೊದಲೇ ವಿಚಾರಿಸಿ. "ಮೂರು ತಿಂಗಳಲ್ಲಿ ಟೀಚರ್ ಟ್ರೈನಿಂಗ್, ನೂರಕ್ಕೆ ನೂರು ಕೆಲಸ" ಅನ್ನುವ ಬೋರ್ಡುಗಳನ್ನು ನಂಬಬೇಡಿ. ಸರ್ಟಿಫಿಕೇಟಿಗೆ ಯಾವ ವಿಶ್ವವಿದ್ಯಾಲಯದ ಅಥವಾ ಮಂಡಳಿಯ ಮಾನ್ಯತೆ ಇದೆ ಅಂತ ಬರಹದಲ್ಲಿ ಕೇಳಿ. ಕೊಡದಿದ್ದರೆ ಎದ್ದು ಬನ್ನಿ.

ನರ್ಸರಿಯ ಸಂದರ್ಶನಕ್ಕೆ ಹೋದಾಗ ನೀವೂ ಒಂದು ಪ್ರಶ್ನೆ ಕೇಳಬೇಕು: ಒಬ್ಬ ಟೀಚರಿಗೆ ಎಷ್ಟು ಮಕ್ಕಳು? ಮಕ್ಕಳ ಹಕ್ಕುಗಳ ರಾಷ್ಟ್ರೀಯ ಆಯೋಗದ ಮಾರ್ಗಸೂಚಿಯಲ್ಲಿ 20 ಮಕ್ಕಳಿಗೆ ಒಬ್ಬ ಟೀಚರ್, ಒಬ್ಬ ಆಯಾ ಅಂತ ಇದೆ. ನಲವತ್ತು ಮಕ್ಕಳನ್ನು ಒಬ್ಬರೇ ನೋಡಿಕೊಳ್ಳುವ ಕಡೆ ಕಲಿಸುವುದು ಸಾಧ್ಯವೇ ಇಲ್ಲ, ಕಾವಲು ಕಾಯುವುದಷ್ಟೇ.

ಮೂರನೆಯದು ಗ್ರಾಮ ಪಂಚಾಯಿತಿಯ ಶಿಶುಪಾಲನಾ ಕೇಂದ್ರ, ಕೂಸಿನ ಮನೆ. ನರೇಗಾ ಕೂಲಿಗೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗಾಗಿ 2023-24ರ ರಾಜ್ಯ ಬಜೆಟ್‌ನಲ್ಲಿ ಘೋಷಿಸಿದ್ದು. ಖಾಯಂ ನೌಕರಿ ಅಲ್ಲ. ಆದರೆ ಮೂರು ವರ್ಷದೊಳಗಿನ ಕೂಸುಗಳನ್ನು ನೋಡಿಕೊಳ್ಳುವ ಕೆಲಸ ಕಲಿಯಲು ಒಳ್ಳೆಯ ಜಾಗ.

ಇನ್ನು ಕೆಲಸಕ್ಕೆ ಬರೋಣ. ಹಾಡು, ಕಥೆ ಎಲ್ಲರೂ ಹೇಳುತ್ತಾರೆ, ಅಳತೆಯನ್ನು ಮಾತ್ರ ಬಹಳ ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. ಎರಡನೇ ವರ್ಷದಲ್ಲಿರುವ ಮಗು ತಿಂಗಳಿಗೆ ಹೆಚ್ಚುವುದೇ ಸುಮಾರು 200 ಗ್ರಾಂ. ಆಗುಂಬೆ ಕಡೆಯ ಆಷಾಢದಲ್ಲಿ ಸ್ವೆಟರು, ಟೋಪಿ, ಕಾಲುಚೀಲ ಹಾಕಿಕೊಂಡು ನೆನೆದು ಬಂದ ಮಗುವನ್ನು ಹಾಗೇ ತಕ್ಕಡಿಗೆ ಇಟ್ಟರೆ ಆ ಒದ್ದೆ ಉಣ್ಣೆಯೇ ಅಷ್ಟು ತೂಗುತ್ತದೆ. ಮಗು ಆ ತಿಂಗಳು ಒಂದು ಗ್ರಾಮೂ ಏರಿಲ್ಲದಿದ್ದರೂ ಅಂಗನವಾಡಿಯ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಬೆಳವಣಿಗೆಯ ಗೆರೆ ಮೇಲಕ್ಕೆ ಹೋಗುತ್ತದೆ. ಆಷಾಢದ ಸ್ವೆಟರು ಬೇಸಿಗೆಯಲ್ಲಿ ಇಲ್ಲವಾದಾಗ ಮಗು ಇಳಿದುಹೋಯಿತು ಅಂತ ತಾಯಿ ಗಾಬರಿಯಾಗುತ್ತಾಳೆ. ಬಾಗಿಲು ಹಾಕಿ, ಮಗುವಿನ ಮೈ ಒರೆಸಿ, ತೆಳು ಬಟ್ಟೆಯಲ್ಲಿ ತೂಗಿ. ಪ್ರತಿ ಮಗುವಿಗೂ ಮೊದಲು ತಕ್ಕಡಿ ಸೊನ್ನೆಗೆ ಬಂದಿದೆಯೇ ನೋಡಿ.

ಎರಡು ವರ್ಷದೊಳಗಿನ ಮಗುವಿನ ಉದ್ದವನ್ನು ಮಲಗಿಸಿಯೇ ಅಳೆಯಬೇಕು. ತಲೆ ಹಿಡಿಯಲು ಒಬ್ಬರು, ಮೊಣಕಾಲು ನೇರ ಮಾಡಲು ಇನ್ನೊಬ್ಬರು. ನಿಲ್ಲಿಸಿ ಅಳೆದಿದ್ದರೆ 0.7 ಸೆಂ.ಮೀ. ಸೇರಿಸಬೇಕು. ತೋಳಿನ ಸುತ್ತಳತೆ ನೋಡುವ ಪಟ್ಟಿಗೆ ಎಡಗೈ. ಮೊಣಕೈ ಮಡಿಸಿ ಭುಜದ ತುದಿಯಿಂದ ಮೊಣಕೈವರೆಗಿನ ನಡುಭಾಗ ಗುರುತು ಮಾಡಿ, ಕೈ ಇಳಿಬಿಟ್ಟ ಮೇಲೆ ಸುತ್ತಿ. ಚರ್ಮ ಒತ್ತಿ ಗುಳಿ ಬೀಳಬಾರದು, ಸಡಿಲವೂ ಇರಬಾರದು. ಆರು ತಿಂಗಳಿಂದ ಐದು ವರ್ಷದೊಳಗಿನ ಮಗುವಿನ ತೋಳು 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ, ಅವತ್ತೇ ಆಶಾ ಕಾರ್ಯಕರ್ತೆಗೆ ತಿಳಿಸಿ ಆಸ್ಪತ್ರೆಗೆ ಕಳಿಸಿ.

ನಮ್ಮ ಕಡೆ ಅಡಿಕೆ ಹೋಳು, ಹಲಸಿನ ಬೀಜ ಅಂಗಳದಲ್ಲೇ ಬಿದ್ದಿರುತ್ತವೆ, ಮಕ್ಕಳ ಬಾಯಿಗೂ ಹೋಗುತ್ತವೆ. ಗಂಟಲಲ್ಲಿ ಸಿಕ್ಕಿ ಮಗುವಿಗೆ ಕೆಮ್ಮಲೂ ಆಗದಿದ್ದರೆ ತಲೆ ಕೆಳಗೆ ಬರುವಂತೆ ಬಾಗಿಸಿ ಬೆನ್ನಿನ ಮೇಲೆ ಎರಡು ಹೆಗಲಿನ ನಡುವೆ ಅಂಗೈಯಿಂದ 5 ಏಟು. ಹೋಗದಿದ್ದರೆ, ಒಂದು ವರ್ಷದೊಳಗಿನ ಕೂಸಾದರೆ ಎದೆಯ ನಡುವೆ ಒಂದು ಅಂಗೈಯ ಬುಡದಿಂದ 5 ಒತ್ತು, ದೊಡ್ಡ ಮಗುವಾದರೆ ಹಿಂದಿನಿಂದ ಹಿಡಿದು ಹೊಕ್ಕಳಿಗಿಂತ ಸ್ವಲ್ಪ ಮೇಲ್ಭಾಗದಲ್ಲಿ 5 ಒತ್ತು. ಹೊರಬರುವ ತನಕ, ಮಗು ಎಚ್ಚರವಿರುವಷ್ಟು ಹೊತ್ತು, ಇದನ್ನೇ ಮತ್ತೆ ಮತ್ತೆ ಮಾಡಿ, ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ಹುಡುಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಇದನ್ನು ಓದಿ ಕಲಿಯಲಾಗದು, ಪ್ರಾಥಮಿಕ ಆರೋಗ್ಯ ಕೇಂದ್ರದ ಸಿಬ್ಬಂದಿಯಿಂದ ಗೊಂಬೆಯ ಮೇಲೆ ಮಾಡಿ ಕಲಿಯಿರಿ. ಡಿಸೆಂಬರಿನಿಂದ ಮೇ ತನಕ ಮಂಗನ ಕಾಯಿಲೆಯ ಕಾಲ. ಕಾಡಿನಂಚಿನ ಮನೆಗಳಿಂದ ಬರುವ ಮಕ್ಕಳ ಕಿವಿ ಹಿಂದೆ, ಕಂಕುಳಲ್ಲಿ ಈ ಕಾಯಿಲೆ ಹರಡುವ ಉಣುಗು (ಉಣ್ಣೆ ಹುಳ) ಹತ್ತಿದೆಯೇ ನೋಡುವುದು ಬೆಳಗಿನ ಅಭ್ಯಾಸವಾಗಲಿ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದಿದೆ ಅನ್ನುವ ಅನುಮಾನ ಬಂದರೆ 2012ರ ಪೋಕ್ಸೊ ಕಾಯ್ದೆ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. ಮುಚ್ಚಿಟ್ಟರೆ ಅದೂ ಅಪರಾಧ. ಮಕ್ಕಳ ಸಹಾಯವಾಣಿ 1098.

ಅಂಗನವಾಡಿಯಲ್ಲಿ ಸಿಗುವುದು ಸಂಬಳ ಅಲ್ಲ, ಗೌರವಧನ. ದುಡಿಮೆಗೆ ಅದು ಕಡಿಮೆಯೇ. ಆದರೂ ಮುಂದಿನ ಮೆಟ್ಟಿಲುಗಳಿವೆ: ಅಂಗನವಾಡಿಗಳನ್ನು ನಡೆಸುವ ಕೇಂದ್ರ ಸರ್ಕಾರದ ಯೋಜನೆಯಾದ ಪೋಷಣ್ 2.0ರ ಮಾರ್ಗಸೂಚಿಯಲ್ಲಿ ಮೇಲ್ವಿಚಾರಕಿಯರ ಶೇ. 50 ಹುದ್ದೆಗಳು ಐದು ವರ್ಷ ಅನುಭವವಿರುವ ಕಾರ್ಯಕರ್ತೆಯರಿಗೆ, ಕಾರ್ಯಕರ್ತೆಯರ ಶೇ. 50 ಹುದ್ದೆಗಳು ಐದು ವರ್ಷ ದುಡಿದ ಸಹಾಯಕಿಯರಿಗೆ, ಉಳಿದ ಅರ್ಹತೆ ಇದ್ದರೆ. ಗ್ರಾಚ್ಯುಟಿಗೂ (ಕೆಲಸ ಬಿಡುವಾಗ ಸೇವಾವಧಿಯ ಲೆಕ್ಕದಲ್ಲಿ ಸಿಗುವ ಇಡಿಗಂಟು) ಇವರು ಅರ್ಹರು ಅಂತ ಸುಪ್ರೀಂ ಕೋರ್ಟ್ 2022ರ ಏಪ್ರಿಲ್‌ನಲ್ಲಿ ಹೇಳಿದೆ. ಎರಡಕ್ಕೂ ಸೇವೆಯ ಲೆಕ್ಕ ಬೇಕು. ಹಾಗಾಗಿ ನೇಮಕಾತಿ ಆದೇಶ, ಕೆಲಸಕ್ಕೆ ಹಾಜರಾದ ವರದಿ, ಪ್ರತಿ ತರಬೇತಿಯ ಪ್ರಮಾಣಪತ್ರ ಇವುಗಳ ಒಂದು ಪ್ರತಿ ಕೇಂದ್ರದ ಬೀರುವಿನಲ್ಲಲ್ಲ, ಮನೆಯಲ್ಲಿ, ಪ್ಲಾಸ್ಟಿಕ್ ಕವರಿನೊಳಗೆ ಇರಲಿ. ಮಳೆಗಾಲದ ತೇವಕ್ಕೆ ಬೂಸಲು ಹಿಡಿದ ಆದೇಶಪತ್ರವನ್ನು ಯಾವ ಕಚೇರಿಯೂ ಸುಲಭವಾಗಿ ಒಪ್ಪುವುದಿಲ್ಲ.